ಒಡೆದ ಹಾಲು, ಒದ್ದೆ ಟವೆಲ್ಲು

ವಾರಕ್ಕೆ ಎರಡು ಸಲ ಹಾಲು ಒಡೆಯತೊಡಗಿದಾಗ ನನಗೆ ಮೊದಲ ಅನುಮಾನ ಬಂತು. ವಡೋದರಾದಲ್ಲಿ ನಾವಿದ್ದ ಫ್ಲ್ಯಾಟಿನಿಂದ ಹಾಲಿನ ಬೂತಿಗೆ ನೂರಿಪ್ಪತ್ತು ಹೆಜ್ಜೆ. ನಮ್ಮ ಮನೆಯವರು ಐದಕ್ಕೆ ಎದ್ದು ಹಾಲು ತರಲು ಹೋದರೆ ಬರುವುದು ಆರೂಕಾಲಿಗೆ. ಪಾಕೀಟು ಕೈಗೆ ತೆಗೆದುಕೊಂಡರೆ ಬೆಚ್ಚಗಿರುತ್ತಿತ್ತು, ಯಾರೋ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಹಾಗೆ.

“ಎಲ್ಲಿ ನಿಂತಿದ್ರಿ ಇಷ್ಟೊತ್ತು?”

“ಪಾಳಿ ಇತ್ತು.”

“ಒಂದು ಪಾಕೀಟ ಹಾಲಿಗೆ ಒಂದೂಕಾಲು ತಾಸು ಪಾಳಿ?”

“ಗುಜರಾತದ ಮಂದಿ, ಹಾಲು ಭಾಳ ಕುಡೀತಾರ,” ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು.

ಈ ಉತ್ತರವನ್ನು ಬೇರೆ ಯಾವ ಹೆಂಡತಿಯಾದರೂ ನಕ್ಕು ಬಿಡುತ್ತಿದ್ದಳೇನೋ. ನನಗೆ ಹಾಗೆ ಬಿಡಲು ಆಗುತ್ತಿರಲಿಲ್ಲ. ಎರಡು ವರ್ಷ ಮೊದಲು, ಹುಬ್ಬಳ್ಳಿಯಲ್ಲಿದ್ದಾಗ, ಇವರು ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದರು. ಅದಕ್ಕೂ ಮೊದಲು ಮೂರು ದಿನ ಆ ನೋವನ್ನು ‘ಗ್ಯಾಸು’ ಎಂದು ಹೇಳಿ ನನ್ನಿಂದ ಓಮಿನ ಕಾಳು ಇಸಿದುಕೊಂಡು ತಿಂದಿದ್ದರು. “ಇನ್ನೊಂದು ದಿನ ತಡ ಮಾಡಿದ್ರ...” ಎಂದು ಅಲ್ಲಿಯ ಡಾಕ್ಟರು ಮಾತನ್ನು ಅರ್ಧಕ್ಕೆ ಬಿಟ್ಟಿದ್ದರು. ನಮಗೆ ವರ್ಗವಾದಾಗ ಪಾತ್ರೆ ಪಗಡೆಯ ಜೊತೆ ಆ ಅರ್ಧ ಮಾತೂ ವಡೋದರಾಕ್ಕೆ ಬಂತು. ಭೂಕಂಪದಲ್ಲಿ ಅಡುಗೆಮನೆಯ ಗೋಡೆಗೆ ಬಿದ್ದಿದ್ದ ಬಿರುಕು ಮುಚ್ಚಲು ನಾನೊಂದು ದೊಡ್ಡ ಕ್ಯಾಲೆಂಡರ್ ನೇತು ಹಾಕಿದ್ದೆ. ಅದರ ಒಂದೊಂದು ಮನೆಯಲ್ಲೂ ಅವರ ಬಿ.ಪಿ., ತೆಗೆದುಕೊಂಡ ಗುಳಿಗೆ, ಗ್ಯಾಸ್ ಸಿಲಿಂಡರು ಬಂದ ದಿನ, ಹಾಲು ಒಡೆದ ದಿನ ಎಲ್ಲವನ್ನೂ ಬರೆಯುತ್ತಿದ್ದೆ. ಬರೆದದ್ದನ್ನು ತಿರುಗಿ ನೋಡಿದರೆ ಕೆಲವು ಸಂಗತಿ ತಾವಾಗಿಯೇ ಜೋಡಿಯಾಗುತ್ತವೆ. ಹಾಲು ಒಡೆದ ದಿನಗಳೆಲ್ಲ ಅವರು ತಡವಾಗಿ ಬಂದ ದಿನಗಳೇ ಆಗಿದ್ದವು.

ಅವರದು ವಿಮಾ ಕಂಪನಿಯ ಕೆಲಸ. ಕಾರ್ಖಾನೆಗಳಿಗೆ ಹೋಗಿ ಬಾಯ್ಲರು, ಗೋದಾಮು, ಬೆಂಕಿ ಆರಿಸುವ ವ್ಯವಸ್ಥೆ ನೋಡಿ ವರದಿ ಬರೆಯಬೇಕು. ವಾರವಿಡೀ ಮನೆಗೆ ಹತ್ತಿರದ ಮಕರಪುರದಲ್ಲಿ ಓಡಾಟ; ಎಂದಾದರೊಮ್ಮೆ ಸೂರತ್ ಆಚೆಗಿನ ಕಾರ್ಖಾನೆಗಳ ಊರು ಸಚಿನ್‌ಗೆ. ಆ ‘ಎಂದಾದರೊಮ್ಮೆ’ ಆ ಬೇಸಿಗೆಯಲ್ಲಿ ಪ್ರತಿ ಶನಿವಾರವಾಯಿತು. ಶನಿವಾರ ಸಂಜೆಯ ಗಾಡಿಗೆ ಹೋಗಿ, ಗೆಸ್ಟ್‌ಹೌಸಿನಲ್ಲಿ ಮಲಗಿ, ಭಾನುವಾರ ಮಧ್ಯಾಹ್ನ ಬರುವರು. ಬ್ಯಾಗಿನಲ್ಲಿ ಒದ್ದೆ ಟವೆಲ್ಲು. ಅದನ್ನು ಮೂಸಿ ನೋಡಿದೆ. ಸೋಪಿನ ವಾಸನೆ ಇರಲಿಲ್ಲ, ಪಾಚಿಯ ವಾಸನೆ ಇತ್ತು. ಎರಡೂ ಕಣ್ಣಿನ ಸುತ್ತ ಬಳೆ ಒತ್ತಿದಂಥ ಗುಂಡನೆಯ ಗೆರೆ.

“ಕಣ್ಣಿಗೆ ಏನಾಗೈತ್ರಿ?”

“ಕಾರ್ಖಾನ್ಯಾಗ ಹಾಕೂ ಚಷ್ಮಾ. ಧೂಳು.”

“ಐತವಾರ ಯಾವ ಕಾರ್ಖಾನಿ ತೆರೆದಿರ್ತೈತಿ?”

“ಮುಚ್ಚಿದಾಗನ ಬಾಯ್ಲರ್ ಒಳಗ ಇಣುಕಿ ನೋಡೂದು. ಉರಿಯೂ ಮುಂದ ಇಣುಕಲೇನು?”

ಮಾತೇನೋ ಸರಿಯೇ. ಆದರೆ ಉತ್ತರ ಇಷ್ಟು ಬೇಗ ಬಂದದ್ದು ಸರಿಬರಲಿಲ್ಲ. ಸಾಮಾನ್ಯವಾಗಿ ಅವರು ಒಂದು ಮಾತಿಗೆ ‘ಹಾಂ’ ಎನ್ನಲು ಎರಡು ಗುಟುಕು ಚಹಾ ಕುಡಿಯುವ ಮನುಷ್ಯ.

ಮಗಳನ್ನು ಕೇಳಿದೆ. ಅವಳು ಕಾಲೇಜಿನವಳು, ದಿನದ ಅರ್ಧ ಕಾಲೇಜಿನ ಪಕ್ಕದ ಫತೇಗಂಜಿನಲ್ಲೇ ಕಳೆಯುವಳು. ವರ್ಗದಿಂದ ವರ್ಗಕ್ಕೆ ಊರು ಬದಲಿಸಿ ಅವಳ ಕನ್ನಡದಲ್ಲಿ ಮೂರು ಭಾಷೆ ಕೂತಿದ್ದವು. “ಮಮ್ಮಿ, ಪಪ್ಪಾ ಏಕ್‌ದಮ್ ಠೀಕ್ ಇದಾರ. ನೀ ಟೆನ್ಶನ್ ಮತ್ ತಗೋ,” ಎಂದಳು. ಹೇಳುವಾಗ ಪುಸ್ತಕದಿಂದ ತಲೆ ಎತ್ತಲಿಲ್ಲ. ಪುಸ್ತಕ ತಲೆಕೆಳಗಾಗಿತ್ತು.

ಜೂನ್ ತಿಂಗಳ ಒಂದು ಸೋಮವಾರ, ಅಂಗಿ ಒಗೆಯಲು ಹಾಕುವ ಮುಂದೆ ಕಿಸೆ ನೋಡಿದೆ. ಅದು ನನ್ನ ನಿತ್ಯದ ಪದ್ಧತಿ. ಪೆನ್ನು ಉಳಿದರೆ ಎಲ್ಲ ಬಟ್ಟೆಯೂ ನೀಲಿಯಾಗುತ್ತದೆ. ಒಂದು ಚೀಟಿ ಸಿಕ್ಕಿತು. ಅವರದೇ ಅಕ್ಷರ, ಕನ್ನಡದಲ್ಲಿ: “ಬಾ. ಐತವಾರ ಐದೂವರೆ.”

ನಾನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ‘ಬನ್ನಿ’ ಅಲ್ಲ, ‘ಬರ್ರಿ’ ಅಲ್ಲ, ‘ಬಾ’. ಸಚಿನ್‌ನಲ್ಲಿ ನಮ್ಮವರನ್ನು ಏಕವಚನದಲ್ಲಿ ಕರೆಯುವ, ಕನ್ನಡ ಬಲ್ಲ ಯಾರೋ ಒಬ್ಬಳು ಇದ್ದಾಳೆ. ಅವಳು ಹೇಳಿದ್ದನ್ನು ಮರೆಯದಿರಲೆಂದು ಇವರು ಬರೆದುಕೊಂಡಿದ್ದಾರೆ. ಅಂದು ಬಿ.ಪಿ. ನೋಡುವಾಗ ಪಟ್ಟಿಯನ್ನು ಸ್ವಲ್ಪ ಬಿಗಿಯಾಗಿಯೇ ಕಟ್ಟಿದೆ. “ಕೈ ಕಡೀತೀಯೇನು ಇವತ್ತು?” ಎಂದರು.

ಮುಂದಿನ ವಾರ ಇನ್ನೊಂದು ಚೀಟಿ. ಇದರಲ್ಲಿ ಅಕ್ಷರವೇ ಇಲ್ಲ, ಮೂರು ಅಂಕಿ: 3.8, 180, 42. ಅದರ ಕೆಳಗೆ ದಪ್ಪನೆಯ ಗೆರೆ, ಗೆರೆಯ ಕೆಳಗೆ ಪ್ರಶ್ನಾರ್ಥಕ ಚಿಹ್ನೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಂಚದ ಪಕ್ಕ ಕೂತವಳಿಗೆ ಅಂಥ ಅಂಕಿ ಹೊಸವಲ್ಲ. ಮೂರು ಪಾಯಿಂಟ್ ಎಂಟು, ನೂರೆಂಬತ್ತು, ನಲವತ್ತೆರಡು ಎಂದರೆ ರಕ್ತದ ಪರೀಕ್ಷೆಯ ಕಾಗದವೇ. ಹಾಗಾದರೆ ಹೆಂಗಸಲ್ಲ, ಆಸ್ಪತ್ರೆ! ನನಗೆ ಹೇಳದೆ ಸೂರತ್‌ನಲ್ಲಿ ಎಲ್ಲೋ ತೋರಿಸಿಕೊಳ್ಳುತ್ತಿದ್ದಾರೆ. ಹೆಂಗಸಾಗಿದ್ದರೇ ಒಳ್ಳೆಯದಿತ್ತು ಎಂದು ಆ ಹೊತ್ತಿನಲ್ಲಿ ನಿಜವಾಗಿಯೂ ಅಂದುಕೊಂಡೆ. ಚೀಟಿಯನ್ನು ರವಿಕೆಯಲ್ಲಿ ಸಿಕ್ಕಿಸಿಕೊಂಡು ನಮ್ಮ ಓಣಿಯ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಗುಜರಾತಿ ಮನುಷ್ಯ, ನನ್ನನ್ನು ‘ಬೆನ್’, ಅಂದರೆ ತಂಗಿ, ಎನ್ನುತ್ತ ಹಿಂದಿಯಲ್ಲಿ ಮಾತಾಡುವರು. ಚೀಟಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಬೆನ್, ಯೇ ಕಿಸ್ಕಾ ಹೈ?”

ಮನೆಯವರದು ಎಂದೆ.

ಪೊಟ್ಯಾಸಿಯಂ ಮೂರು ಪಾಯಿಂಟ್ ಎಂಟು, ಕೊಲೆಸ್ಟೆರಾಲ್ ನೂರೆಂಬತ್ತು, ಅದರಲ್ಲಿ ಒಳ್ಳೆಯ ಜಾತಿಯದು ನಲವತ್ತೆರಡು ಎಂದೇ ಓದಿಕೊಂಡು, ಇಷ್ಟು ಚೆಂದದ ರಿಪೋರ್ಟು ತಮ್ಮದೂ ಇಲ್ಲ ಎಂದು ನಕ್ಕರು. ನಾನು ತಂದದ್ದಕ್ಕಿಂತ ಹೆಚ್ಚು ಅನುಮಾನ ಹೊತ್ತುಕೊಂಡು ಮನೆಗೆ ಹೋದೆ. ರಿಪೋರ್ಟು ಇಷ್ಟು ಚೆಂದವಿದ್ದರೆ ಮುಚ್ಚಿಡುವುದೇಕೆ? ಅಥವಾ ಅದು ಇವರದೇ ಅಲ್ಲವೋ? ‘ಬಾ’ ಎಂದವಳದೋ?

ಆ ಶನಿವಾರ ಅವರು ಸಂಜೆಯ ಗಾಡಿಗೆ ಹೋದ ಅರ್ಧ ಗಂಟೆಗೆ ಫೋನು ಬಂತು. ಎತ್ತಿದೆ.

“ಭಾಯ್ ಛೇ?” ಒಂದು ಹೆಣ್ಣುದನಿ.

ಗುಜರಾತಿಗೆ ಬಂದ ಹೊಸದರಲ್ಲಿ ಈ ‘ಛೇ’ ಕೇಳಿದಾಗಲೆಲ್ಲ ಏನೋ ಬೈಯುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಅದು ‘ಇದ್ದಾರಾ’ ಎಂದು ಗೊತ್ತಿತ್ತು. ಇಲ್ಲ, ನೀವು ಯಾರು ಎಂದು ಕೇಳಿದೆ.

“ಹೂಂ ಬಾ...” ಎಂದಿತು ದನಿ.

ಹೂಂ, ಬಾ. ನನ್ನ ಮನೆಯ ಫೋನಿನಲ್ಲಿ, ನನ್ನ ಕಿವಿಗೇ, ಅಚ್ಚ ಕನ್ನಡದಲ್ಲಿ. ಇನ್ನೇನು ಬಾಯಿಗೆ ಬಂದದ್ದು ಬೈಯಬೇಕು, ಅಷ್ಟರಲ್ಲಿ ದನಿ ಕೆಮ್ಮಿ ಮಾತು ಮುಗಿಸಿತು: “...ಬೋಲೂ ಛೂಂ.”

ಹೂಂ ಬಾ ಬೋಲೂ ಛೂಂ. ನಾನು ‘ಬಾ’ ಮಾತಾಡುತ್ತಿದ್ದೇನೆ. ಇಲ್ಲಿ ಬಾ ಎಂದರೆ ಅವ್ವ, ಮುದುಕಿ. ನಮ್ಮ ಕೆಳಗಿನ ಮನೆಯಲ್ಲೇ ಒಬ್ಬ ಬಾ ಇದ್ದರು. ದಿನಕ್ಕೆ ಹತ್ತು ಸಲ ನಾನೇ ಆ ಶಬ್ದ ಆಡುತ್ತಿದ್ದೆ. ಆದರೆ ಕನ್ನಡ ಲಿಪಿಯಲ್ಲಿ, ಗಂಡನ ಅಕ್ಷರದಲ್ಲಿ ಕಂಡಾಗ ಕಣ್ಣು ಅದನ್ನು ಕನ್ನಡವಾಗಿಯೇ ಓದಿತ್ತು. ಗೋಡೆಗೆ ಒರಗಿ ನಗು ತಡೆದುಕೊಂಡೆ.

ನಗು ಬಹಳ ಹೊತ್ತು ಉಳಿಯಲಿಲ್ಲ. ಬಾ ಹೇಳಿದ್ದು ಇಷ್ಟು: ನಮ್ಮ ಹೊಲದ ತೊಟ್ಟಿಯ ನೀರು ತೆಗೆದು ತಿಕ್ಕಿಸುತ್ತಿದ್ದೇವೆ, ನಾಳೆ ಭಾಯ್ ಈಜಲು ಬರುವುದು ಬೇಡ. ಇನ್ನೊಂದು ಮಾತು, ಬೆನ್. ಹೋದ ವಾರ ಭಾಯ್ ಈಜುವುದನ್ನು ನಡುವೆ ನಿಲ್ಲಿಸಿ, ತೊಟ್ಟಿಯ ಅಂಚಿಗೆ ಕೂತು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ. ಮನೆಯಲ್ಲಿ ಹೇಳು ಎಂದಿದ್ದೆ. ಹೇಳಿದನಾ?

ಹೇಳಿದರು ಎಂದೆ. ಗಂಡನ ಮರ್ಯಾದೆಗಾಗಿ ಆ ಸುಳ್ಳು ಹೇಳಿ ಫೋನು ಇಟ್ಟೆ.

ಭಾನುವಾರ ಅವರು ಬೇಗ ಬಂದರು. ಬ್ಯಾಗು ತೆಗೆದೆ. ಟವೆಲ್ಲು ನಾನು ಮಡಿಸಿಟ್ಟ ಮಡಿಕೆಯಲ್ಲೇ ಇತ್ತು.

“ಬಾಯ್ಲರ್ ನೋಡಿದ್ರಿ?”

“ನೋಡಿದೆ.”

“ಟವೆಲ್ ಒಣಗೇ ಐತಲ್ಲ?”

“ಗೆಸ್ಟ್‌ಹೌಸಿನ್ಯಾಗ ನೀರು ಬರಲಿಲ್ಲ.”

“ತೊಟ್ಟಿಯೊಳಗೂ ಇರಲಿಲ್ಲಂತ. ಬಾ ಫೋನ್ ಮಾಡಿದ್ರು.”

ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಒಳಗಿನ ಕೋಣೆಯಲ್ಲಿ ಮಗಳ ಪುಸ್ತಕ ದಪ್ಪೆಂದು ಮುಚ್ಚಿದ ಸದ್ದಾಯಿತು. ಅವಳು ಹೊರಗೆ ಬಂದು, ತಾನೂ ಪಾಲುದಾರಳೆಂದು ಒಪ್ಪಿಕೊಂಡು, ಹಾಸಿಗೆಯ ಅಡಿಯಿಂದ ಕಾಗದದ ಕಂತೆ ತೆಗೆದಳು. ಎಲ್ಲ ಫತೇಗಂಜಿನ ಸೈಬರ್ ಕೆಫೆಯಲ್ಲಿ ಅವಳೇ ತೆಗೆದುಕೊಟ್ಟ ಪ್ರಿಂಟುಗಳು. “ಟ್ರಯಥ್ಲಾನ್, ಮಮ್ಮಿ. ಪೈಲೇ ಈಜು, ಫಿರ್ ಸೈಕಲ್, ಆಮೇಲೆ ಓಟ. ಒಂದೇ ದಿನ, ಒಂದರ ಹಿಂದ ಒಂದು.” ಆ ಮೂರು ಅಂಕಿಗಳು ಕಿಲೋಮೀಟರುಗಳಾಗಿದ್ದವು. ಈಜು 3.8, ಸೈಕಲ್ 180, ಓಟ 42. ಹಾಲಿನ ಪಾಕೀಟು ಬೆಚ್ಚಗಾಗುತ್ತಿದ್ದದ್ದು ಅದನ್ನು ಕೈಯಲ್ಲಿ ಹಿಡಿದೇ ಓಡುತ್ತಿದ್ದರಿಂದ.

ಕಂತೆಯಲ್ಲಿ ಎರಡು ಸ್ಪರ್ಧೆಯ ಕಾಗದಗಳಿದ್ದವು. ಒಂದು ಮಲೇಷ್ಯಾ ಕಡೆಯ ದ್ವೀಪದಲ್ಲಿ, ಪೂರ್ತಿ ದೂರದ್ದು. ಇನ್ನೊಂದು ನಮ್ಮದೇ ಕರಾವಳಿಯಲ್ಲಿ ಒಂದು ಈಜುಗಾರರ ಬಳಗ ತಾವೇ ಕೂಡಿ ನಡೆಸುವಂಥದ್ದು, ಎಲ್ಲವೂ ಅರ್ಧರ್ಧ. ಗೆರೆಯ ಕೆಳಗಿನ ಪ್ರಶ್ನೆ ಅದೇ ಆಗಿತ್ತು: ಪೂರ್ತಿಯೋ, ಅರ್ಧವೋ.

“ನಲವತ್ತೊಂಬತ್ತು ವಯಸ್ಸು. ಎದಿಗೆ ಗುಳಿಗಿ. ಮ್ಯಾಲೆ ನೂರಾ ಎಂಬತ್ತು ಕಿಲೋಮೀಟರ್ ಸೈಕಲ್,” ಎಂದೆ. “ಇದನ್ನ ನನಗ ಹೇಳಬಾರದಿತ್ತು?”

“ಹೇಳಿದ್ರ ಬ್ಯಾಡ ಅಂತಿದ್ದಿ.”

“ಅಂತಿದ್ದೆ. ಎದಿ ಹಿಡಕೊಂಡು ಕುಂತಿದ್ದು?”

ಅವರು ಮಗಳ ಕಡೆ ನೋಡಿದರು. ಅದು ಅವಳಿಗೂ ಗೊತ್ತಿರಲಿಲ್ಲ. ಅವಳು ನಿಂತಲ್ಲೇ ಅಳತೊಡಗಿದಳು.

“ನೀರು ನುಂಗಿದ್ದೆ,” ಎಂದರು. ಆಮೇಲೆ ಅಂದರು, “ನಾ ದವಾಖಾನಿಯಿಂದ ಬಂದಾಗಿಂದ ನೀ ಮಗ್ಗಲದಾಗ ಮಲಗಿ ನನ್ನ ಉಸಿರು ಎಣಸ್ತಿ. ನಂಗ ಗೊತ್ತಾಗ್ತೈತಿ. ಯಾರರ ನಂದು ಬ್ಯಾರೆ ಏನರ ಎಣಸ್ಲಿ ಅನಿಸ್ತು. ಆ ಮುದುಕಿ ಸುತ್ತು ಎಣಸ್ತಾಳ.”

ನಾನು ಅಡುಗೆಮನೆಗೆ ಹೋಗಿ ರೊಟ್ಟಿಯ ಹಿಟ್ಟು ನಾದಿದೆ. ಅಂದು ಬೇಕಾದದ್ದಕ್ಕಿಂತ ಆರು ರೊಟ್ಟಿ ಹೆಚ್ಚಾದವು.

ಎರಡು ದಿನ ಯೋಚಿಸಿ ಎರಡು ಕರಾರು ಹಾಕಿದೆ. ಮೊದಲು ಅಹಮದಾಬಾದಿನಲ್ಲಿ ಹೃದಯದ ಡಾಕ್ಟರಿಗೆ ತೋರಿಸಬೇಕು, ಅವರು ಹೇಳಿದಷ್ಟೇ. ಎರಡನೆಯದು, ಎದೆಗೆ ಏನೇ ಆದರೂ ನಾನು ಕೇಳುವ ಮೊದಲೇ ನನಗೆ ಹೇಳಬೇಕು. ಎರಡಕ್ಕೂ ಹೂಂ ಎಂದರು. ಎರಡನೆಯ ಹೂಂ ನನಗೆ ಹಿಡಿಸಲಿಲ್ಲ. ಬಹಳ ಬೇಗ ಬಂದಿತ್ತು.

ಅಹಮದಾಬಾದಿನ ಡಾಕ್ಟರು ಎದೆಗೆ ತಂತಿ ಅಂಟಿಸಿ, ಚಲಿಸುವ ಪಟ್ಟಿಯ ಮೇಲೆ ಓಡಿಸಿ, ನಡುವೆ ಎರಡು ಸಲ ನಿಲ್ಲಿಸಿ ನೋಡಿದರು. ಪೂರ್ತಿ ದೂರದ ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಅರ್ಧದ್ದನ್ನು ಇವರ ಕೈಗೆ. ನಿಧಾನವಾಗಿ, ಪೈಪೋಟಿ ಬೇಡ, ತಿಂಗಳಿಗೊಮ್ಮೆ ತೋರಿಸಿ ಎಂದರು.

ವಾಪಸು ಬರುವ ಗಾಡಿಯಲ್ಲಿ ಇವರ ಮುಖ ಜೋತು ಬಿದ್ದಿತ್ತು. “ಅರ್ಧ ಅಂದ್ರ ಜನ ನಗ್ತಾರ.”

“ಯಾವ ಜನ? ನೀವು ಯಾರಿಗರೆ ಹೇಳೀರೇನು ನಗಾಕ?”

ಎದುರು ಕೂತವರಿಗೆ ಕನ್ನಡ ಬರದಿದ್ದರೂ ಅವರೂ ನಕ್ಕರು.

ಅಂದಿನಿಂದ ಕ್ಯಾಲೆಂಡರಿನ ಮನೆಗಳು ಸಾಲದಾದವು. ಎಷ್ಟು ಓಡಿದರು, ಸೈಕಲ್ಲಿನಲ್ಲಿ ಪಾದ್ರಾ ರಸ್ತೆಯಲ್ಲಿ ಎಲ್ಲಿಯವರೆಗೆ ಹೋದರು, ಎಷ್ಟು ನಿದ್ದೆ, ಬೆಳಿಗ್ಗೆ ಎದ್ದಾಗ ನಾಡಿ ಎಷ್ಟು. ಸೈಕಲ್ ಮೇಲೆ ತಿನ್ನಲು ಕಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಕಟ್ಟಿಕೊಟ್ಟೆ. ಗಂಟಲಿಗೆ ಸಿಕ್ಕಿತೆಂದು ಬೈದರು. ಬೆಲ್ಲದ ಶೇಂಗಾ ಉಂಡಿ ಕೊಟ್ಟೆ, ಅದು ನಡೆಯಿತು. ಆದರೆ ‘ಎದೆ ಹೇಗಿದೆ’ ಎಂದು ಮಾತ್ರ ಕೇಳಲಿಲ್ಲ. ಕೇಳಿದರೆ ಕರಾರು ಮುರಿದಂತೆ. ಅವರ ಮುಖ ನೋಡುತ್ತಿದ್ದೆ, ಮೆಟ್ಟಿಲು ಹತ್ತುವಾಗ ಎಲ್ಲಿ ಕೈ ಇಡುತ್ತಾರೆ ನೋಡುತ್ತಿದ್ದೆ, ಓಮಿನ ಡಬ್ಬಿಯಲ್ಲಿ ಕಾಳು ಎಷ್ಟರ ಮಟ್ಟಕ್ಕಿದೆ ಎಂದು ಹೊರಗಿನಿಂದ ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದೆ.

ಭಾನುವಾರಗಳಲ್ಲಿ ನಾನೂ ಸಚಿನ್‌ಗೆ ಹೋಗತೊಡಗಿದೆ. ಇವರು ತಪಾಸಣೆಗೆ ಹೋಗುತ್ತಿದ್ದ ಒಂದು ಬಣ್ಣದ ಕಾರ್ಖಾನೆಯ ಬೇಲಿಯಿಂದ ಸ್ವಲ್ಪ ದೂರಕ್ಕೆ ಬಾ ಅವರ ಕಬ್ಬಿನ ಹೊಲ, ಹೊಲಕ್ಕೆ ನೀರು ಹಾಯಿಸಲು ಸಿಮೆಂಟಿನ ದೊಡ್ಡ ತೊಟ್ಟಿ. ಅಂಚಿನಿಂದ ಅಂಚಿಗೆ ನಲವತ್ತು ಹೆಜ್ಜೆ. ಹೋಗಿ ಬಂದರೆ ಒಂದು ಸುತ್ತು, ಸುತ್ತಿಗೆ ಬಾ ಕೈಯ ಜಪಮಾಲೆಯಲ್ಲಿ ಒಂದು ಮಣಿ. ಅರ್ಧ ಸ್ಪರ್ಧೆಗೆ ಮೂವತ್ತೇಳು ಮಣಿ ಬೇಕು. ಬಾ ಅವರಿಗೆ ಇದು ಪಸಂದಿರಲಿಲ್ಲ. ಮಾಲೆಯನ್ನು ನೂರೆಂಟಕ್ಕೆ ಮುಗಿಸದೆ ನಡುವೆ ಇಡುವುದು ಎಲ್ಲಿಯ ರೀತಿ ಎಂದು ಪ್ರತಿ ವಾರ ಕೇಳುವರು.

ನನಗೆ ಬಾ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ. ಅವರು ನಡುನಡುವೆ ತೂಕಡಿಸುತ್ತಿದ್ದರು; ಎಚ್ಚರವಾದಾಗ ಪ್ರೀತಿಗೆ ಒಂದೆರಡು ಮಣಿ ಹೆಚ್ಚೇ ಸರಿಸುತ್ತಿದ್ದರು. ನಾನು ಎರಡು ವಾಟಿ ಇಟ್ಟುಕೊಂಡು, ಸುತ್ತಿಗೊಂದು ಶೇಂಗಾ ಕಾಳನ್ನು ಈ ವಾಟಿಯಿಂದ ಆ ವಾಟಿಗೆ ಹಾಕತೊಡಗಿದೆ. ಮೊದಲ ದಿನ ಬಾ ಮೂವತ್ತೇಳು ಎಂದರು. ನನ್ನ ವಾಟಿಯಲ್ಲಿ ಮೂವತ್ತನಾಲ್ಕು.

“ಮೂವತ್ನಾಲ್ಕು,” ಎಂದು ಕೂಗಿದೆ.

“ಬಾ ಮೂವತ್ತೇಳು ಅಂದ್ರು!” ನೀರಿನೊಳಗಿಂದ ಇವರು.

“ಬಾ ನಿದ್ದಿ ಮಾಡಿದ್ರು. ಇನ್ನೂ ಮೂರು ಹೊಡೀರಿ.”

ಬಾ ಏನೂ ತಿಳಿಯದವರಂತೆ ಬಾಯಾಡಿಸುತ್ತಿದ್ದರು. ಆಮೇಲೆ ಗೊತ್ತಾಯಿತು, ನನ್ನ ಎಣಿಕೆಯ ಕಾಳುಗಳನ್ನು ಅವರು ಒಂದೊಂದಾಗಿ ತಿನ್ನುತ್ತಿದ್ದರು. ಹಾಗಾಗಿ ಆ ದಿನ ನಿಜವಾಗಿ ಎಷ್ಟು ಸುತ್ತಾದವು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಸ್ಪರ್ಧೆಗೆ ಮೂರು ವಾರ ಉಳಿದಾಗ ಮೂರನ್ನೂ ಒಂದೇ ಬೆಳಿಗ್ಗೆ ಮಾಡಿ ನೋಡುವುದು ಎಂದಾಯಿತು. ಡಿಸೆಂಬರ್; ಕಬ್ಬಿನ ಮೇಲೆ ಮಂಜಿತ್ತು. ತೊಟ್ಟಿಯಲ್ಲಿ ಮೂವತ್ತೇಳು ಸುತ್ತು, ಬಾ ಮಣಿಯೂ ನನ್ನ ಕಾಳೂ ಅಂದು ಒಪ್ಪಿದವು. ನವಸಾರಿ ಕಡೆಗೆ ಎರಡು ಸಲ ಸೈಕಲ್ಲಿನಲ್ಲಿ ಹೋಗಿ ಬಂದರು. ಬಟ್ಟೆ ಬದಲಿಸಿ, ಎರಡು ಉಂಡಿ ತಿಂದು, ಕಾಲುವೆಯ ದಂಡೆ ಹಿಡಿದು ಓಡಿದರು. ದೂರದ ಜಾಲಿಗಿಡ ಮುಟ್ಟಿ ಬಂದರೆ ಏಳು ಕಿಲೋಮೀಟರು, ಹಾಗೆ ಮೂರು ಸಲ. ಮೊದಲ ಸಲ ಐವತ್ತು ನಿಮಿಷಕ್ಕೆ ಬಂದು ಕೈ ಬೀಸಿ ಹೋದರು.

ಎರಡನೆಯ ಸಲ ಹೋದವರು ಹದಿನೆಂಟು ನಿಮಿಷಕ್ಕೇ ದಂಡೆಯ ತಿರುವಿನಲ್ಲಿ ಕಂಡರು. ಓಡುತ್ತಿರಲಿಲ್ಲ. ನಡೆಯುತ್ತಿದ್ದರು, ಬಹಳ ಮೆಲ್ಲಗೆ.

ನಾನು ಎದ್ದು ನಿಂತೆ. ಏನಾಯಿತು ಎಂದು ಕೂಗಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿದೆ. ಈಗ ಬಂದು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಗ್ಯಾಸು. ಉಂಡಿ ಹೆಚ್ಚಾಯಿತು. ಕಾಲಿನ ಸ್ನಾಯು. ಮೂರು ವಾರದ ಹಿಂದೆಯಷ್ಟೇ ತಲೆಗೆ ಸ್ಪರ್ಧೆಯ ಟೊಪ್ಪಿಗೆ ಇಟ್ಟು ಕನ್ನಡಿ ನೋಡಿಕೊಂಡ ಮನುಷ್ಯ ಬೇರೆ ಏನು ಹೇಳಿಯಾನು? ಬಾ ಮಾಲೆ ಬಿಟ್ಟು ನನ್ನ ಸೆರಗು ಹಿಡಿದುಕೊಂಡರು.

ಅವರು ಹತ್ತಿರ ಬಂದರು. ನೀರಿನ ತಂಬಿಗೆ ಚಾಚಿದೆ, ಕುಡಿಯಲಿಲ್ಲ. ತೊಟ್ಟಿಯ ಅಂಚಿಗೆ ಕೂತರು.

“ಎದಿ ಹಿಡದಂಗ ಆತು,” ಎಂದರು. “ಎಡಗೈಗೂ ಇಳಿದೈತಿ. ಹುಬ್ಬಳ್ಳ್ಯಾಗ ಆದಂಗನ ಐತಿ. ಅದಕ್ಕ ಹೊಳ್ಳಿ ಬಂದೆ.”

ಏನಾಯಿತೆಂದು ನಾನು ಕೇಳಿರಲಿಲ್ಲ.

ಬಾ ಕೂಗಿ ಮನೆಯ ಜೀಪು ತರಿಸಿದರು. ಗುಳಿಗೆ ನಾಲಿಗೆಯ ಕೆಳಗಿಟ್ಟು ಸೂರತ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಎರಡು ದಿನ ಇಟ್ಟುಕೊಂಡರು. ಮುಚ್ಚುತ್ತಿದ್ದ ನಾಳವೊಂದನ್ನು ಬಿಡಿಸಿ, ಔಷಧ ಬದಲಿಸಿದರು. “ತಡ ಮಾಡದೆ ಬಂದಿರಿ, ಹಾಗಾಗಿ ಹೃದಯಕ್ಕೆ ಪೆಟ್ಟಾಗಿಲ್ಲ,” ಎಂದು ಅಲ್ಲಿಯ ಡಾಕ್ಟರು ಮಾತನ್ನು ಪೂರ್ತಿ ಮಾಡಿದರು. ಈ ವರ್ಷದ ಸ್ಪರ್ಧೆ ಇಲ್ಲ, ಮುಂದಿನದನ್ನು ಮುಂದೆ ನೋಡೋಣ ಎಂದರು. ಇವರು ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಮಲಗಿದ್ದರು. ಎಂಟು ತಿಂಗಳ ಬೆಳಗುಗಳ ಶ್ರಮ ಅದು.

ಮರುದಿನ ಬೆಳಿಗ್ಗೆ ಚಹಾ ಬರುವ ಮೊದಲು ತಾವಾಗಿಯೇ ಕೈ ಚಾಚಿದರು.

“ಹಿಡಿ. ಎಣಸು.”

ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಬರುವವರೆಗೆ ಎಣಿಸಿದೆ.

“ಎಷ್ಟಾತು?”

“ಎಪ್ಪತ್ನಾಲ್ಕು.”

ನನ್ನ ಮುಖವನ್ನೇ ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದರು.

“ಖರೇದೋ, ಬಾ ಎಣಸಿದ್ದೋ?”